ಟ್ರ್ಯಾಕ್‌ಗೆ ಹೋಗೋ ಕಾರಿಗೆ ಯಾವ ಆಯಿಲ್, ಯಾವ ಬ್ರೇಕ್ ಫ್ಲೂಯಿಡ್, ಎಷ್ಟು ದಿನಕ್ಕೊಂದ್ಸಲ? ಪುಣೆಯಿಂದ ಹೋಗೋರ ಲೆಕ್ಕ

ಪುಣೆ ಕಡೆ ಇರೋ ನಮ್ಮಂಥ ಟ್ರ್ಯಾಕ್ ಹುಚ್ಚರ ಪರಿಸ್ಥಿತಿ ಸ್ವಲ್ಪ ವಿಚಿತ್ರ. ಕಾರು ತಯಾರಾಗೋದು ಇಲ್ಲೇ ಚಾಕಣ್‌ನಲ್ಲಿ, ಕಾರುಗಳನ್ನ ಟೆಸ್ಟ್ ಮಾಡೋ ಸಂಸ್ಥೆ ಎಆರ್‌ಎಐ ಇರೋದು ಕೋಥ್ರೂಡ್ ಗುಡ್ಡದ ಮೇಲೆ. ತಳೇಗಾವ್ ಹತ್ರ ನಾನೋಲಿಯಲ್ಲಿ ಚಿಕ್ಕ ಟ್ರ್ಯಾಕ್ ಬಂದಿದೆ ನಿಜ, ಆದ್ರೂ ದೊಡ್ಡ ಟ್ರ್ಯಾಕ್ ಬೇಕು ಅಂದ್ರೆ ಶ್ರೀಪೆರುಂಬುದೂರ್ ಪಕ್ಕದ ಇರುಂಗಾಟ್ಟುಕೋಟೈಗೆ ಹೋಗ್ಬೇಕು, ಇಲ್ಲಾ ಕೊಯಮತ್ತೂರು, ಎರಡೂ ಹತ್ತಿರಹತ್ತಿರ 1200 ಕಿಲೋಮೀಟರ್. ಟ್ರೇಲರ್ ಮೇಲೆ ಕಳಿಸೋ ಶಕ್ತಿ ಇಲ್ಲದೋರು ಸತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ತುಮಕೂರು ಅಂತ ಅದೇ ಕಾರಲ್ಲಿ ಹೋಗಿ, ದಿನವಿಡೀ ಅದನ್ನ ಹಿಂಡಿ, ಅದೇ ಕಾರಲ್ಲಿ ವಾಪಸ್ ಬರ್ತಾರೆ.

ಈಗ ಲೆಕ್ಕ ನೋಡಿ. ಇರುಂಗಾಟ್ಟುಕೋಟೈನ ಮದ್ರಾಸ್ ಟ್ರ್ಯಾಕ್ ಒಂದು ಸುತ್ತು 3.7 ಕಿಲೋಮೀಟರ್. ಹದಿನೈದು ಇಪ್ಪತ್ತು ನಿಮಿಷದ ಸೆಷನ್ ಐದು ಸಿಕ್ತು ಅಂದ್ಕೊಂಡ್ರೂ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಮೂವತ್ತೈದು ಸುತ್ತು ಹಾಕತ್ತೆ, ಅಂದ್ರೆ 130 ಕಿಲೋಮೀಟರ್. ಓಡೋಮೀಟರ್‌ನಲ್ಲಿ ಏರಿದ್ದು ಎರಡೂವರೆ ಸಾವಿರ, ಅದ್ರಲ್ಲಿ ಕಾರಿಗೆ ನಿಜವಾಗ್ಲೂ ಪೆಟ್ಟು ಬಿದ್ದಿದ್ದು ಈ 130ರಲ್ಲಿ. ಹಾಗಾಗಿ ಸರ್ವಿಸ್ ಬುಕ್‌ನಲ್ಲಿರೋ 10,000 ಕಿಲೋಮೀಟರ್, 15,000 ಕಿಲೋಮೀಟರ್ ಅನ್ನೋ ಅಂಕಿ ಇಲ್ಲಿ ಕೆಲಸಕ್ಕೆ ಬರಲ್ಲ. ಅದನ್ನ ಅರ್ಧ ಮಾಡಿ ಅಂತ ಎಲ್ರೂ ಹೇಳ್ತಾರೆ, ಅದೂ ಅರ್ಧ ಸತ್ಯನೇ, ಯಾಕಂದ್ರೆ ಒಂದೊಂದು ಫ್ಲೂಯಿಡ್ ಹಾಳಾಗೋದು ಒಂದೊಂದು ಕಾರಣಕ್ಕೆ. ಬ್ರೇಕ್ ಫ್ಲೂಯಿಡ್‌ನ ಕೆಡಿಸೋದು ತೇವ ಮತ್ತೆ ಕ್ಯಾಲೆಂಡರ್, ಎಂಜಿನ್ ಆಯಿಲ್‌ನ ಕೆಡಿಸೋದು ಬಿಸಿಯಲ್ಲಿ ಕಳೆದ ಗಂಟೆಗಳು, ಗೇರ್ ಆಯಿಲ್‌ನ ಕೆಡಿಸೋದು ಲೋಹದ ಪುಡಿ. ಕೂಲಂಟ್ ಪಾಪ ಅಷ್ಟೇನೂ ಕೆಡಲ್ಲ. ಎಲ್ಲಕ್ಕೂ ಒಂದೇ ಇಂಟರ್ವಲ್ ಇಟ್ಕೊಂಡ್ರೆ ಒಂದು ಕಡೆ ದುಡ್ಡು ವೇಸ್ಟು, ಇನ್ನೊಂದು ಕಡೆ ಜೀವಕ್ಕೆ ಅಪಾಯ.

ಮೊದ್ಲು ಬ್ರೇಕ್ ಫ್ಲೂಯಿಡ್

ನನ್ನ ಕೇಳಿದ್ರೆ ಬಜೆಟ್ ಟೈಟ್ ಇದ್ರೆ ಬೇರೆ ಎಲ್ಲಾ ಬಿಟ್ಟು ಇದೊಂದನ್ನ ಸರಿಯಾಗಿ ಮಾಡಿಸಿ. ಡ್ರೈವರ್ ಸೇರಿ 1100 ಕಿಲೋ ಇರೋ ಕಾರು 160ರಿಂದ 80ಕ್ಕೆ ಇಳೀಬೇಕು ಅಂದ್ರೆ ಬ್ರೇಕ್‌ಗಳು ನುಂಗ್ಬೇಕಾದ ಶಕ್ತಿ ಸುಮಾರು ಎಂಟು ಲಕ್ಷ ಜೂಲ್, ಎರಡೂವರೆ ಲೀಟರ್ ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರೋಷ್ಟು ಶಾಖ ಅದು, ಅದೂ ಮೂರ್ನಾಲ್ಕು ಸೆಕೆಂಡಲ್ಲಿ, ಅದೂ ಪ್ರತಿ ಸುತ್ತಲ್ಲೂ. ಆ ಬಿಸಿ ಡಿಸ್ಕಿಂದ ಪ್ಯಾಡಿಗೆ, ಪ್ಯಾಡಿಂದ ಪಿಸ್ಟನ್‌ಗೆ, ಅಲ್ಲಿಂದ ಅದರ ಹಿಂದೆ ನಿಂತಿರೋ ಒಂದಿಷ್ಟು ಫ್ಲೂಯಿಡ್‌ಗೆ ಬಂದು ಸೇರತ್ತೆ. ಫ್ಲೂಯಿಡ್ ಕುದಿದ್ರೆ ಆವಿಯ ಗುಳ್ಳೆ ಆಗತ್ತೆ, ದ್ರವವನ್ನ ಒತ್ತಿ ಕುಗ್ಗಿಸೋಕೆ ಆಗಲ್ಲ ಆದ್ರೆ ಆವಿಯನ್ನ ಆಗತ್ತೆ, ಹಾಗಾಗಿ ಪೆಡಲ್ ಸೀದಾ ನೆಲಕ್ಕೆ ಹೋಗತ್ತೆ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರ್ಲಿ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದ್ರೂ ಕಾರು ನಿಲ್ತಿಲ್ಲ ಅಂದ್ರೆ ಪ್ಯಾಡ್ ಸೋತಿದೆ, ಫ್ಲೂಯಿಡ್ ಬದಲಾಯಿಸಿ ಪ್ರಯೋಜನ ಇಲ್ಲ. ಪೆಡಲ್ ಮೆತ್ತಗಾಗಿ ಉದ್ದ ಹೋಗ್ತಿದೆ ಅಂದ್ರೆ ಫ್ಲೂಯಿಡ್. ಇದನ್ನ ಗೊತ್ತು ಮಾಡ್ಕೊಳ್ದೆ ದುಬಾರಿ ಬಾಟಲಿ ತರೋರು ಬೇಕಾದಷ್ಟು ಜನ ಇದ್ದಾರೆ.

ಬ್ರೇಕ್ ಫ್ಲೂಯಿಡ್ ಗ್ರೇಡ್‌ಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಇವು ಮೂರೂ ಗ್ಲೈಕಾಲ್ ಜಾತಿ, ಗಾಳಿಯಲ್ಲಿರೋ ತೇವ ಹೀರ್ಕೊಳ್ತಾವೆ. ಅದಕ್ಕೇ ಎರಡು ಅಂಕಿ ಕೊಡ್ತಾರೆ. ಡ್ರೈ ಬಾಯ್ಲಿಂಗ್ ಪಾಯಿಂಟ್ ಅಂದ್ರೆ ಹೊಸ ಬಾಟಲಿದು, ವೆಟ್ ಅಂದ್ರೆ 3.7 ಪರ್ಸೆಂಟ್ ನೀರು ಸೇರಿದ ಮೇಲಿಂದು. ನಿಯಮದ ಪ್ರಕಾರ ಡಾಟ್ 3ಕ್ಕೆ ಕನಿಷ್ಠ ಡ್ರೈ 205 ಡಿಗ್ರಿ, ವೆಟ್ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಬಾಟಲಿ ಮೇಲೆ ದಪ್ಪಕ್ಷರದಲ್ಲಿ ಬರೆಯೋದು ಡ್ರೈ ಅಂಕಿ, ಆದ್ರೆ ನಿಮ್ಮ ಕಾರಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಇರೋದು ವೆಟ್ ಕಡೆಗೆ ಜಾರಿರೋ ಫ್ಲೂಯಿಡ್. ಡಾಟ್ 5 ಅಂತ ಇನ್ನೊಂದಿದೆ, ಅದು ಸಿಲಿಕೋನ್, 5.1ಗೂ ಅದಕ್ಕೂ ಸಂಬಂಧನೇ ಇಲ್ಲ, ಎಬಿಎಸ್ ಕಾರಿಗೆ ಹಾಕಬೇಡಿ, ಗ್ಲೈಕಾಲ್ ಫ್ಲೂಯಿಡ್ ಜೊತೆ ಬೆರೆಸಲೂಬೇಡಿ.

ರೇಸಿಂಗ್ ಫ್ಲೂಯಿಡ್‌ಗೆ ಬಂದ್ರೆ ಮೋಟುಲ್ ಆರ್‌ಬಿಎಫ್ 600 ಡ್ರೈ 312 ಡಿಗ್ರಿ, ಆರ್‌ಬಿಎಫ್ 660 ಡ್ರೈ 325. ಕೇಳೋಕೆ 660 ಒಂದು ಮೆಟ್ಟಿಲು ಮೇಲಿದೆ ಅನ್ಸತ್ತೆ, ಆದ್ರೆ ಎರಡರ ವೆಟ್ ಅಂಕಿಯೂ ಇನ್ನೂರರ ಆಸುಪಾಸಲ್ಲೇ ಇದೆ. ಅಂದ್ರೆ ಪದೇಪದೇ ಫ್ಲಶ್ ಮಾಡೋನಿಗೆ (ಹಳೇ ಫ್ಲೂಯಿಡ್ ಪೂರ್ತಿ ತೆಗೆದು ಹೊಸದು ತುಂಬೋನಿಗೆ) ಮಾತ್ರ 660ರ ಲಾಭ ಸಿಗತ್ತೆ, ವರ್ಷಕ್ಕೊಂದ್ಸಲ ಮಾಡೋನು ಆ ಹದಿಮೂರು ಡಿಗ್ರಿಗೆ ಸುಮ್ನೆ ದುಡ್ಡು ಕೊಟ್ಟ ಹಾಗೆ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್‌ದು ಬೇರೆ ಕಥೆ, ಡ್ರೈ 320ರ ಹತ್ರ ಇದ್ರೂ ಅದರ ತಾಕತ್ತು ವೆಟ್‌ನಲ್ಲಿದೆ, 270 ಡಿಗ್ರಿ. ರೇಟು ಮಾತ್ರ ಕಣ್ಣಲ್ಲಿ ನೀರು ಬರಿಸತ್ತೆ.

ಹಾಗಾದ್ರೆ ಆಯ್ಕೆ ಹೇಗೆ ಮಾಡೋದು?

ಒಂದು ದಾರಿ, ಒಳ್ಳೆ ಕಂಪನಿಯ ಡಾಟ್ 5.1 ಹಾಕಿ ಪ್ರತಿ ಟ್ರ್ಯಾಕ್ ಡೇಗೆ ಮುಂಚೆ ಫ್ಲಶ್ ಮಾಡೋದು. ಸ್ಟಾಕ್ ಸ್ವಿಫ್ಟ್, ಐ20, ಪೋಲೋ ಥರದ ಕಾರು, ರೋಡ್ ಟೈರು, ವರ್ಷಕ್ಕೆ ಒಂದೋ ಎರಡೋ ಸಲ ಹೋಗೋರು, ಇವರಿಗೆ ಇಷ್ಟು ಸಾಕು. ಇನ್ನೂ ಕಲಿಯೋ ಹಂತದಲ್ಲಿರೋರು ಬ್ರೇಕನ್ನ ಪೂರ್ತಿ ಉಪಯೋಗಿಸೋದೇ ಇಲ್ಲ, ತಿರುವಿಗೆ ಮುಂಚೆ ಆಕ್ಸಿಲರೇಟರ್ ಬೇಗ ಬಿಟ್ಟು ಮೆಲ್ಲಗೆ ಹೋಗ್ತಾರೆ, ಅಂಥೋರಿಗೆ 312 ಡಿಗ್ರಿ ಯಾಕೆ ಬೇಕು ಹೇಳಿ.

ಎರಡನೇದು ಆರ್‌ಬಿಎಫ್ 600 ಥರದ್ದು ಹಾಕಿ, ವರ್ಷಕ್ಕೊಂದು ಪೂರ್ತಿ ಫ್ಲಶ್, ಮಧ್ಯೆ ಪ್ರತಿ ಟ್ರ್ಯಾಕ್ ಡೇಗೆ ಮುಂಚೆ ನಾಲ್ಕೂ ಕ್ಯಾಲಿಪರಿಂದ (ಚಕ್ರದ ಹತ್ರ ಪ್ಯಾಡ್ ಒತ್ತೋ ಭಾಗ) ಸ್ವಲ್ಪಸ್ವಲ್ಪ ಬ್ಲೀಡ್ ಮಾಡೋದು, ಅಂದ್ರೆ ಅಲ್ಲಿರೋ ಫ್ಲೂಯಿಡ್ ಹೊರಗೆ ಬಿಡೋದು. ಬೆಂದಿರೋ ಫ್ಲೂಯಿಡ್ ಇರೋದೇ ಕ್ಯಾಲಿಪರ್ ಹತ್ರ ಆದ್ದರಿಂದ ಅಷ್ಟು ತೆಗೆದ್ರೆ ಮುಕ್ಕಾಲು ಕೆಲಸ ಆದಂಗೆ. ಟರ್ಬೋ ಕಾರು, ರೀಮ್ಯಾಪ್ (ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರಿಸೋದು), ಹಿಡಿತ ಜಾಸ್ತಿ ಇರೋ ಸೆಮಿ ಸ್ಲಿಕ್ ಟೈರು, ವರ್ಷಕ್ಕೆ ಮೂರ್ನಾಲ್ಕು ಸಲ ಹೋಗೋ ಅಭ್ಯಾಸ ಇರೋರಿಗೆ ಇದೇ ಸರಿ. ನನ್ನ ಓಟೂ ಇದಕ್ಕೇ, ದುಡ್ಡಿಗೂ ತೊಂದ್ರೆಗೂ ನಡುವೆ ಇರೋದು ಇದು.

ಮೂರನೇದು ಎಸ್‌ಆರ್‌ಎಫ್ ಹಾಕಿ ವರ್ಷವಿಡೀ ಮುಟ್ಟದೇ ಇರೋದು. ಭಾರೀ ಕಾರು, ಆಕ್ಟೇವಿಯಾ ಆರ್‌ಎಸ್ ಅಥವಾ ಜರ್ಮನ್ ಸೆಡಾನ್ ಇರೋರು, ಆಮೇಲೆ ಪ್ರತಿ ಸಲ ಬ್ಲೀಡ್ ಮಾಡಿಸೋಕೆ ನಂಬಿಕಸ್ಥ ಗ್ಯಾರೇಜ್ ಹತ್ರ ಇಲ್ಲದೋರು ಇದನ್ನ ಯೋಚಿಸ್ಬಹುದು, ಯಾಕಂದ್ರೆ ತಪ್ಪು ಬ್ಲೀಡಿಂಗ್‌ನಿಂದ ಗಾಳಿ ಸೇರೋದಕ್ಕಿಂತ ಮುಟ್ಟದೇ ಇರೋದು ವಾಸಿ.

ಇನ್ನೊಂದು ಮಾತು, ಈಗಿನ ಇಎಸ್‌ಪಿ (ಕಾರು ಜಾರದಂತೆ ತಾನೇ ಬ್ರೇಕ್ ಹಾಕೋ ವ್ಯವಸ್ಥೆ) ಇರೋ ಕಾರುಗಳಿಗೆ ಕಂಪನಿಯೋರು ತೆಳು ಫ್ಲೂಯಿಡ್ ಕೇಳ್ತಾರೆ, ಡಾಟ್ 4 ಎಲ್‌ವಿ ಅಂತ ಕ್ಯಾಪ್ ಮೇಲೋ ಮ್ಯಾನುಯಲ್‌ನಲ್ಲೋ ಬರೆದಿರತ್ತೆ. ರೇಸಿಂಗ್ ಫ್ಲೂಯಿಡ್‌ಗಳು ಅದಕ್ಕಿಂತ ಸ್ವಲ್ಪ ಮಂದ. ನಮ್ಮ ಸೆಕೆಗೆ ಅದು ದೊಡ್ಡ ಸಮಸ್ಯೆ ಅಲ್ಲ, ಮೈನಸ್ ಡಿಗ್ರಿ ಚಳಿ ನಮಗೆಲ್ಲಿದೆ, ಆದ್ರೂ ವಾರಂಟಿ ಇರೋ ಕಾರಾದ್ರೆ ಅದೇ ಗ್ರೇಡ್‌ನಲ್ಲಿ ಒಳ್ಳೇದು ಹುಡುಕಿ.

ಮಳೆಗಾಲದ ಲೆಕ್ಕ ಮರೀಬೇಡಿ

ಇದು ನಮ್ಮ ಕಡೆಗೆ ಸ್ಪೆಷಲ್. ಜೂನಿಂದ ಸೆಪ್ಟೆಂಬರ್‌ವರೆಗೂ ಪುಣೆಯಲ್ಲೇ ಗೋಡೆ ಬೆವರತ್ತೆ, ಮುಂಬೈ ಗೋವಾ ಕಥೆ ಕೇಳೋದೇ ಬೇಡ. ರಬ್ಬರ್ ಹೋಸ್ ಮೂಲಕನೂ ಫ್ಲೂಯಿಡ್ ತೇವ ಹೀರತ್ತೆ, ಕಾರು ಶೆಡ್‌ನಲ್ಲಿ ನಿಂತಿದ್ರೂ ಸರಿ. ಸಾಮಾನ್ಯ ಕಾರಿಗೆ ಕಂಪನಿಗಳು ಎರಡು ವರ್ಷ ಅಂತ ಹೇಳೋದೂ ಇದೇ ಕಾರಣಕ್ಕೆ, ಟ್ರ್ಯಾಕ್ ಕಾರಿಗೆ ಎರಡು ಮಳೆಗಾಲ ಅನ್ನೋದು ಜಾಸ್ತಿ ಆಯ್ತು. ಮೇ ತಿಂಗಳಲ್ಲಿ ಹೊಸ ಫ್ಲೂಯಿಡ್ ಹಾಕಿಸಿ ಜನವರಿಯಲ್ಲಿ ಟ್ರ್ಯಾಕ್‌ಗೆ ಹೋಗೋದಕ್ಕಿಂತ, ಮಳೆ ನಿಂತ ಮೇಲೆ ಹಾಕಿಸೋದು ಜಾಣತನ. ಪಿಂಪ್ರಿಯಲ್ಲಿರೋ ನಮ್ಮ ವಿಜಯಪುರ ಮೂಲದ ಗೆಳೆಯ ಒಬ್ಬ ಇದಕ್ಕೆ ಆಯುಧಪೂಜೆ ದಿನ ಗೊತ್ತು ಮಾಡ್ಕೊಂಡಾನ, "ಗಾಡಿ ಹೆಂಗೂ ತೊಳೀತೀವಿ, ಕುಂಬಳಕಾಯಿ ಒಡೀತೀವಿ, ಅದರ ಹಿಂದಿನ ದಿನ ಬ್ರೇಕ್ ಆಯಿಲ್ ಒಂದು ತೆಗದ ಹಾಕಿಬಿಟ್ರ ವರ್ಷ ಮರಿಯಂಗಿಲ್ಲ ನೋಡ್ರಿ" ಅಂತಾನ. ನನಗೂ ಇದಕ್ಕಿಂತ ಒಳ್ಳೆ ರಿಮೈಂಡರ್ ಹೊಳೀಲಿಲ್ಲ.

ಪೂರ್ತಿ ಫ್ಲಶ್‌ಗೆ ಸುಮಾರು ಒಂದು ಲೀಟರ್ ಬೇಕು, ಅರ್ಧ ಲೀಟರಿನ ಬಾಟಲಿ ಎರಡು ತಗೊಳ್ಳಿ. ಕೆಲಸ ಮಾಡೋವಾಗ ಪಕ್ಕದಲ್ಲಿ ನಿಂತು ನೋಡಿ. ಟ್ರಾನ್ಸ್‌ಪರೆಂಟ್ ಪೈಪಲ್ಲಿ ಮೊದ್ಲು ಟೀ ಡಿಕಾಕ್ಷನ್ ಬಣ್ಣದ್ದು ಬರತ್ತೆ, ಮಧ್ಯೆ ಚಿಕ್ಕ ಗುಳ್ಳೆ, ಆಮೇಲೆ ತಿಳಿ ಹಳದಿ. ತಿಳಿ ಬಂದ ತಕ್ಷಣ ನಿಪ್ಪಲ್ ಮುಚ್ಚಿಬಿಡ್ತಾರೆ, ಇನ್ನೊಂದಿಷ್ಟು ಬಿಡಿ ಅಂತ ಹೇಳಿ. ರಿಸರ್ವಾಯರ್ ಖಾಲಿ ಆಗೋಕೆ ಬಿಟ್ರೆ ಎಬಿಎಸ್ ಪಂಪ್ ಒಳಗೆ ಗಾಳಿ ಹೋಗಿ ಸ್ಕ್ಯಾನರ್ ಇಲ್ದೆ ಅದನ್ನ ಹೊರಗೆ ತರೋದು ಕಷ್ಟ, ಹಾಗಾಗಿ ಒಬ್ರ ಕಣ್ಣು ಯಾವಾಗ್ಲೂ ರಿಸರ್ವಾಯರ್ ಮೇಲಿರ್ಲಿ. ಆಮೇಲೆ ಮ್ಯಾನುಯಲ್ ಕಾರಾದ್ರೆ ಎಷ್ಟೋ ಮಾಡೆಲ್‌ಗಳಲ್ಲಿ ಕ್ಲಚ್‌ಗೂ ಅದೇ ರಿಸರ್ವಾಯರ್. ಆ ಕ್ಲಚ್ ಲೈನನ್ನ ಯಾರೂ ಮುಟ್ಟೋದೇ ಇಲ್ಲ, ತೆಗೆದು ನೋಡಿದ್ರೆ ಕಪ್ಪು ಮಸಿ. ಬ್ರೇಕ್ ಜೊತೆಗೇ ಅದನ್ನೂ ಬ್ಲೀಡ್ ಮಾಡಿಸಿ, ಹತ್ತು ನಿಮಿಷದ ಕೆಲಸ.

ಪೆನ್ ಥರ ಇರೋ ಟೆಸ್ಟರ್ ಬಗ್ಗೆ ಕೇಳ್ತಾರೆ ಜನ. ಅದು ಅಳೆಯೋದು ವಿದ್ಯುತ್ ಎಷ್ಟು ಹರಿಯತ್ತೆ ಅನ್ನೋದನ್ನ, ಫ್ಲೂಯಿಡ್ ಬ್ರ್ಯಾಂಡ್ ಬದಲಾದ್ರೆ ರೀಡಿಂಗೂ ಬದಲಾಗತ್ತೆ. ಅದು ರೆಡ್ ತೋರಿಸಿದ್ರೆ ಬದಲಾಯಿಸಿ, ಗ್ರೀನ್ ತೋರಿಸಿದ್ರೆ ನಂಬಿ ಕೂರಬೇಡಿ.

ಎಂಜಿನ್ ಆಯಿಲ್: ಹೋಗೋ ಮುಂಚೆನಾ, ಬಂದ ಮೇಲಾ?

ಇದರ ಬಗ್ಗೆ ಜಗಳ ಮುಗಿಯೋದೇ ಇಲ್ಲ. ನನ್ನ ಅಭಿಪ್ರಾಯ ಹೀಗೆ. ಆಯಿಲ್ ಈಗಾಗ್ಲೇ ಅರ್ಧ ಆಯುಷ್ಯ ಮುಗಿಸಿದ್ರೆ, ಅಂದ್ರೆ 5,000 ದಾಟಿದ್ರೆ ಅಥವಾ ಆರು ತಿಂಗಳಾಗಿದ್ರೆ, ಹೋಗೋ ಮುಂಚೆ ಬದಲಾಯಿಸಿ. ಅದಕ್ಕಿಂತ ಹೊಸದಾಗಿದ್ರೆ ಹಾಗೇ ಹೋಗಿ, ವಾಪಸ್ ಬಂದ ಮೇಲೆ ತೀರ್ಮಾನ ಮಾಡಿ. ಹೊಸ ಆಯಿಲ್ ಹಾಕಿ ಹೋಗಿ, ಬಂದು ಮತ್ತೆ ಹೊಸದು ಹಾಕೋರು ಇದ್ದಾರೆ, ಅವರ ದುಡ್ಡು ಅವರಿಷ್ಟ.

ತೀರ್ಮಾನ ಮಾಡೋದು ಬಿಸಿ ನೋಡಿ. ಆಯಿಲ್ ಟೆಂಪರೇಚರ್ ತೋರಿಸೋ ಗೇಜ್ ಇದ್ರೆ ಒಳ್ಳೇದು, ಇಲ್ದಿದ್ರೆ ಒಬಿಡಿ ಡಾಂಗಲ್‌ನಲ್ಲಿ (ಕಾರಿನ ಕಂಪ್ಯೂಟರ್‌ನ ಅಂಕಿ ಓದೋ ಚಿಕ್ಕ ಸಾಧನ) ಕೆಲವು ಕಾರುಗಳಲ್ಲಿ ಸಿಗತ್ತೆ. ಕೂಲಂಟ್ ಗೇಜ್ ನಂಬಬೇಡಿ, ಕೂಲಂಟ್ ತೊಂಬತ್ತರಲ್ಲಿ ನಿಂತಿದ್ರೂ ಆಯಿಲ್ 125 ಮುಟ್ಟಿರತ್ತೆ. ಹತ್ತು ಡಿಗ್ರಿ ಏರಿದ್ರೆ ಆಕ್ಸಿಡೇಶನ್, ಅಂದ್ರೆ ಆಮ್ಲಜನಕ ಸೇರಿ ಆಯಿಲ್ ಕೆಡೋ ವೇಗ ಹೆಚ್ಚುಕಮ್ಮಿ ಎರಡು ಪಟ್ಟು ಅನ್ನೋದು ಈ ಫೀಲ್ಡಲ್ಲಿ ಎಲ್ರೂ ಇಟ್ಕೊಂಡಿರೋ ಲೆಕ್ಕ. 100 ಡಿಗ್ರಿಯಲ್ಲಿ ಹೈವೇ ಓಡೋ ಆಯಿಲ್‌ಗೂ 130ರಲ್ಲಿ ಬೇಯೋ ಆಯಿಲ್‌ಗೂ ಎಂಟು ಪಟ್ಟು ಫರಕು ಬಂತಲ್ಲ. ಹಾಗಾಗಿ ನಾನು ಸೆಷನ್ ಬರೆದಿಡಿ ಅಂತೀನಿ. ಒಂದು ಟ್ರ್ಯಾಕ್ ಡೇ ಅಂದ್ರೆ ಒಂದೂವರೆ ಗಂಟೆ. ಟರ್ಬೋ ಪೆಟ್ರೋಲ್ ಕಾರಿಗೆ ಮೂರು ಗಂಟೆ, ಅಂದ್ರೆ ಎರಡು ಟ್ರ್ಯಾಕ್ ಡೇ, ಆದ್ಮೇಲೆ ಬದಲಾಯಿಸಿ. ಟರ್ಬೋ ಇಲ್ಲದ ಸಣ್ಣ ಎಂಜಿನ್‌ಗೆ ಮೂರು ಟ್ರ್ಯಾಕ್ ಡೇ ಕೊಡಬಹುದು. 135 ದಾಟಿ ಹೋಗಿದ್ರೆ ಲೆಕ್ಕ ಬಿಡಿ, ಊರಿಗೆ ಬಂದು ತೆಗೆದ್ಹಾಕಿ. ಒಂದು ಸಮಾಧಾನ ಏನಂದ್ರೆ ವಾಪಸ್ ಬರೋ 1200 ಕಿಲೋಮೀಟರ್ ಹೈವೇ ಆಯಿಲ್‌ಗೆ ಅಷ್ಟೇನೂ ಕೆಟ್ಟದ್ದಲ್ಲ, ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಆಯಿಲ್‌ಗೆ ಸೇರಿರೋ ಪೆಟ್ರೋಲ್ ಒಂದಷ್ಟು ಆ ದಾರಿಯಲ್ಲೇ ಆವಿಯಾಗಿ ಹೋಗತ್ತೆ.

ಗ್ರೇಡ್ ಆಯ್ಕೆ. ಎಚ್‌ಟಿಎಚ್‌ಎಸ್ ಅಂತ ಒಂದು ಅಂಕಿ ಇದೆ, 150 ಡಿಗ್ರಿಯಲ್ಲಿ ಜೋರಾಗಿ ಉಜ್ಜುವಾಗ ಆಯಿಲ್ ಎಷ್ಟು ದಪ್ಪ ಉಳಿಯತ್ತೆ ಅನ್ನೋದು. ಗ್ರೇಡ್ ಅಂದ್ರೆ ಬಾಟಲಿ ಮೇಲೆ ಡಬ್ಲ್ಯೂ ಆದ್ಮೇಲೆ ಬರೋ ಅಂಕಿ. 20 ಗ್ರೇಡ್‌ಗೆ ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯೂ-40ಗೆ 3.5, 50 ಮತ್ತು 60ಕ್ಕೆ 3.7. ಈ ಅಂಕಿಗಳನ್ನ ನೋಡಿದ್ರೇ ಗೊತ್ತಾಗತ್ತೆ, 20ರಿಂದ 40ಕ್ಕೆ ಹೋದ್ರೆ ಕನಿಷ್ಠದಲ್ಲೇ ಭಾರೀ ಏರಿಕೆ, 40ರಿಂದ 60ಕ್ಕೆ ಹೋದ್ರೆ ಚೂರೇ ಚೂರು. ಸ್ಟಾಕ್ ಎಂಜಿನ್‌ಗೆ 10ಡಬ್ಲ್ಯೂ-60 ಸುರಿಯೋರಿಗೆ ನಾನು ಕೈ ಮುಗೀತೀನಿ. ಮ್ಯಾನುಯಲ್‌ನಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ರೆ ಅದರಲ್ಲಿ ದಪ್ಪದ್ದು ಆರಿಸ್ಕೊಳ್ಳಿ, ಕಂಪನಿ ಅಪ್ರೂವಲ್ ನಂಬರ್ ಬಾಟಲಿ ಮೇಲಿರ್ಲಿ, ಅಷ್ಟು ಸಾಕು. ಪುಣೆಯ ನಾನಾ ಪೇಠ್‌ನಲ್ಲಿ ಹುಡುಕಿದ್ರೆ ಸಿಗದೇ ಇರೋ ಆಯಿಲ್ ಇಲ್ಲ, ಆದ್ರೆ ಸೀಲು, ಬ್ಯಾಚ್ ನಂಬರ್ ನೋಡದೇ ತಗೋಬೇಡಿ, ಡೂಪ್ಲಿಕೇಟ್ ಆಯಿಲ್‌ನ ಟ್ರ್ಯಾಕ್ ಮೇಲೆ ಪರೀಕ್ಷೆ ಮಾಡೋದು ಬೇಡ.

ಬದಲಾಯಿಸೋದಕ್ಕಿಂತ ಮುಖ್ಯ ಲೆವೆಲ್. ಜೋರು ತಿರುವಲ್ಲಿ ಆಯಿಲ್ ಎಲ್ಲಾ ಸಂಪ್‌ನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಒಂದು ಪಕ್ಕಕ್ಕೆ ಹೋಗತ್ತೆ, ಲೆವೆಲ್ ಕಮ್ಮಿ ಇದ್ರೆ ಪಂಪು ಗಾಳಿ ಹೀರತ್ತೆ, ಬೇರಿಂಗ್ ಹೋಗೋಕೆ ಅಷ್ಟು ಸಾಕು. ಪ್ರತಿ ಸೆಷನ್ ಆದ್ಮೇಲೆ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಮ್ಯಾಕ್ಸ್ ಗೆರೆ ಹತ್ರನೇ ಇರ್ಲಿ, ಮೇಲೆ ಬೇಡ. ಅದೇ ಆಯಿಲ್ ಒಂದು ಲೀಟರ್ ಡಿಕ್ಕಿಯಲ್ಲಿರ್ಲಿ.

ಗೇರ್‌ಬಾಕ್ಸ್

ಮ್ಯಾನುಯಲ್ ಫ್ರಂಟ್ ವೀಲ್ ಡ್ರೈವ್ ಕಾರಲ್ಲಿ ಗೇರೂ ಡಿಫರೆನ್ಷಿಯಲೂ (ಎರಡು ಚಕ್ರಕ್ಕೆ ಶಕ್ತಿ ಹಂಚೋ ಭಾಗ) ಒಂದೇ ಎರಡು ಲೀಟರ್ ಆಯಿಲ್‌ನಲ್ಲಿ ಮುಳುಗಿರ್ತಾವೆ. ಕಂಪನಿ ಲೈಫ್‌ಟೈಮ್ ಅಂತ ಹೇಳಿದ್ರೂ ಮೊದಲ ಎರಡು ಟ್ರ್ಯಾಕ್ ಡೇ ಆದ್ಮೇಲೆ ಒಂದ್ಸಲ ತೆಗೆಸಿ, ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಏನು ಅಂಟಿದೆ ನೋಡಿ. ಬೆರಳಲ್ಲಿ ಉಜ್ಜಿದ್ರೆ ನುಣ್ಣಗೆ ಬೂದು ಪೇಸ್ಟ್ ಥರ ಇದ್ರೆ ಮಾಮೂಲು, ಚೂರುಚೂರು ಚುಚ್ಚಿದ್ರೆ ಆಯಿಲ್ ಪ್ರಶ್ನೆ ಅಲ್ಲ ಅದು, ಗೇರ್‌ಬಾಕ್ಸ್ ಬಿಚ್ಚಿಸಬೇಕು. ಆಮೇಲೆ ವರ್ಷಕ್ಕೊಂದ್ಸಲ ಸಾಕು, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿದ್ರೆ ಇನ್ನೂ ಬೇಗ. ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳೋ ಬಾಕ್ಸ್‌ಗೆ ಜಿಎಲ್-5 ಇನ್ನೂ ಸ್ಟ್ರಾಂಗು ಅಂತ ಹಾಕಬೇಡಿ, ಅದರಲ್ಲಿ ಜಾಸ್ತಿ ಇರೋ ಗಂಧಕ ರಂಜಕದ ಅಡಿಟಿವ್ ಗೇರ್ ಸಲೀಸಾಗಿ ಬೀಳಿಸೋ ಹಿತ್ತಾಳೆ ಸಿಂಕ್ರೊ ರಿಂಗ್‌ಗೆ ಒಳ್ಳೇದಲ್ಲ.

ಆಟೋಮ್ಯಾಟಿಕ್‌ಗಳಲ್ಲಿ ಯಾವ ಜಾತಿ ಅಂತ ಗೊತ್ತಿರಬೇಕು. ಹಳೇ ಪೋಲೋ ಜಿಟಿ ಟಿಎಸ್‌ಐನ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ ಇರೋ ಆಟೋಮ್ಯಾಟಿಕ್) ಡ್ರೈ ಕ್ಲಚ್, ಕ್ಲಚ್‌ನ ಬಿಸಿಯೂ ಧೂಳೂ ಆಯಿಲ್‌ಗೆ ಸೇರಲ್ಲ, ಅಲ್ಲಿ ಸೋಲೋದು ಕ್ಲಚ್ಚೇ ಹೊರತು ಆಯಿಲ್ ಅಲ್ಲ. ಆರು ಗೇರಿನ ವೆಟ್ ಕ್ಲಚ್ ಡಿಎಸ್‌ಜಿಯಲ್ಲಿ ಕ್ಲಚ್ ಸವೆದಿದ್ದೆಲ್ಲಾ ಆಯಿಲ್‌ಗೇ ಬರೋದು, ಕಂಪನಿ ಹೇಳೋ 60,000ಕ್ಕೆ ಕಾಯದೇ 30,000ದೊಳಗೆ ಫಿಲ್ಟರ್ ಸಮೇತ ಬದಲಾಯಿಸಿ. ಟಾರ್ಕ್ ಕನ್ವರ್ಟರ್ ಇರೋ ಮಾಮೂಲು ಆಟೋಮ್ಯಾಟಿಕ್‌ಗೂ ಇದೇ ಮಾತು. ಡ್ಯಾಶ್‌ಬೋರ್ಡ್‌ನಲ್ಲಿ ಗೇರ್‌ಬಾಕ್ಸ್ ಬಿಸಿ ಅಂತ ಒಂದ್ಸಲ ಬಂದಿದ್ರೆ ಕಿಲೋಮೀಟರ್ ನೋಡದೇ ಆಯಿಲ್ ತೆಗೆಸಿ.

ಕೂಲಂಟ್ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಕಮ್ಮಿ ಮಾಡಿ. ಕಂಪನಿ ಹೇಳಿದ್ದೇ ಜಾತಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ, ಎರಡು ಮೂರು ವರ್ಷಕ್ಕೊಂದ್ಸಲ. ಪಿಂಕು ಹಸಿರು ಬೆರೆಸಬೇಡಿ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಕ್ಯಾಪ್ ಹಳೇದಾಗಿದ್ರೆ ಅದನ್ನ ಬದಲಾಯಿಸಿ, ಒತ್ತಡ ಹಿಡಿಯೋ ಕ್ಯಾಪ್ ಇದ್ರೆನೇ ಅರ್ಧಕ್ಕರ್ಧ ಮಿಶ್ರಣ 125 ಡಿಗ್ರಿ ದಾಟೋವರೆಗೂ ಕುದಿಯದೇ ಇರೋದು, ಕ್ಯಾಪ್ ಸೋರಿದ್ರೆ 107ರ ಹತ್ರನೇ ಕುದಿಯತ್ತೆ. ಪವರ್ ಸ್ಟೀರಿಂಗ್ ಈಗ ಬಹುತೇಕ ಎಲೆಕ್ಟ್ರಿಕ್, ಹೈಡ್ರಾಲಿಕ್ ಇರೋ ಹಳೇ ಕಾರಾದ್ರೆ ಬಣ್ಣ ಕಪ್ಪಾದಾಗ ಬದಲಾಯಿಸಿ ಸಾಕು.

ಟ್ರ್ಯಾಕ್ ಯಾವುದು ಅನ್ನೋದೂ ಲೆಕ್ಕಕ್ಕೆ ಬರತ್ತೆ. ಕೊಯಮತ್ತೂರಿನ ಕಾರಿ ಅನ್ನೋ ಟ್ರ್ಯಾಕ್ ಬರೀ 2.1 ಕಿಲೋಮೀಟರ್, ಬ್ರೇಕ್ ತಣ್ಣಗಾಗೋ ಮುಂಚೆ ಮುಂದಿನ ತಿರುವು ಬಂದಿರತ್ತೆ, ಕಮ್ಮಿ ಸ್ಪೀಡ್ ಅಂತ ಉದಾಸೀನ ಮಾಡಬೇಡಿ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.125 ಕಿಲೋಮೀಟರ್, ಅಲ್ಲಿ ಒಂದು ಕಿಲೋಮೀಟರ್ ದಾಟೋ ಸ್ಟ್ರೈಟ್ ಕೊನೆಗೆ ಒಂದೇ ಏಟಿಗೆ ಬ್ರೇಕ್ ಮೇಲೆ ನಿಲ್ಲಬೇಕು, ಆಯಿಲ್‌ಗೂ ಅದೇ ಸ್ಟ್ರೈಟ್‌ನಲ್ಲಿ ಪರೀಕ್ಷೆ. ಆಂಬಿ ವ್ಯಾಲಿ ಏರ್‌ಸ್ಟ್ರಿಪ್ ಥರದ ಡ್ರ್ಯಾಗ್ ರನ್‌ಗೆ ಮಾತ್ರ ಹೋಗೋರಿಗೆ ಈ ಬ್ರೇಕ್ ಪುರಾಣ ಎಲ್ಲಾ ಬೇಡ, ಅವರು ಗೇರ್‌ಬಾಕ್ಸ್ ಕಡೆ ಗಮನ ಕೊಡ್ಲಿ.

ಇನ್ನು ಉಳಿದ ಬಾಟಲಿ ವಿಷಯ. ಬ್ರೇಕ್ ಫ್ಲೂಯಿಡ್ ಸೀಲ್ ಒಡೆದ ಬಾಟಲಿಯನ್ನ ಮುಂದಿನ ಸಲಕ್ಕೆ ಅಂತ ಬಾಲ್ಕನಿಯಲ್ಲಿ ಇಡಬೇಡಿ, ಕ್ಯಾಪ್ ಎಷ್ಟು ಬಿಗಿ ಮಾಡಿದ್ರೂ ಒಳಗಿರೋ ಗಾಳಿಯ ತೇವ ಹೀರಿರತ್ತೆ. ಟ್ರ್ಯಾಕ್‌ಗೆ ತಗೊಂಡು ಹೋಗೋದಾದ್ರೆ ಸೀಲ್ ಒಡೆಯದ ಚಿಕ್ಕ ಬಾಟಲಿ, ಒಂದು ಸ್ಪ್ಯಾನರ್, ಒಂದು ಗಜ ಪೈಪು. ಪೇಂಟ್ ಮೇಲೆ ಬಿದ್ರೆ ಬಟ್ಟೆಯಲ್ಲಿ ಉಜ್ಜಬೇಡಿ, ತಕ್ಷಣ ನೀರು ಸುರೀರಿ, ಇಲ್ದಿದ್ರೆ ಬಣ್ಣ ಎದ್ದು ಬರತ್ತೆ. ತೆಗೆದ ಹಳೇ ಆಯಿಲ್‌ನ ಸೊಸೈಟಿ ಚರಂಡಿಗೆ ಬಿಡದೆ ಅದೇ ಡಬ್ಬಕ್ಕೆ ತುಂಬಿ ಗ್ಯಾರೇಜ್‌ಗೇ ಕೊಡಿ, ಹಳೇ ಆಯಿಲ್ ತಗೊಂಡು ಹೋಗೋರು ಅಲ್ಲಿಗೆ ಬರ್ತಾರೆ.